ಮಿನಿ 2 ಸಾಕಾ, ಏರ್ 2ಎಸ್ ಬೇಕಾ?

ಹವ್ಯಾಸಕ್ಕೆ ಡ್ರೋನ್ ಹಾರಿಸುವ ಇಬ್ಬರು ಸೇರಿದರೆ ಈ ಮಾತು ಬಂದೇ ಬರುತ್ತದೆ. ಡಿಜೆಐ ಕಂಪನಿಯ 249 ಗ್ರಾಂ ತೂಕದ ಮಿನಿ 2 ಸಾಕಾ, ಅದೇ ಕಂಪನಿಯ 595 ಗ್ರಾಂ ತೂಕದ ಏರ್ 2ಎಸ್ ಬೇಕಾ? ನನ್ನ ಹತ್ತಿರ ಎರಡೂ ಇವೆ. ಶಿರಸಿ ಕಡೆಯ ಅಡಿಕೆ ತೋಟದಲ್ಲಿ, ಮರವಂತೆಯ ಕಡಲ ಬದಿಯಲ್ಲಿ ಒಂದೇ ಹೊತ್ತಿಗೆ ಒಂದಾದ ಮೇಲೊಂದು ಹಾರಿಸಿ ನೋಡಿದ್ದೇನೆ. ಒಂದನ್ನೇ ಇಟ್ಟುಕೋ ಅಂದರೆ ನಾನು ಏರ್ 2ಎಸ್ ಇಟ್ಟುಕೊಳ್ಳುತ್ತೇನೆ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹೆಚ್ಚು ವ್ಯತ್ಯಾಸ ಇಲ್ಲದ ಸಂಗತಿ ಮುಗಿಸಿಬಿಡೋಣ. ಕಂಪನಿ ಹೇಳುವ ಹಾರಾಟದ ಸಮಯ ಎರಡಕ್ಕೂ 31 ನಿಮಿಷ. ಅದು ಗಾಳಿಯೇ ಇಲ್ಲದ ಕಡೆಯ ಲೆಕ್ಕ, ನಮಗೆ ಸಿಗುವುದು ಅದಕ್ಕಿಂತ ಕಡಿಮೆ. ರಿಮೋಟ್ ಕೂಡ ಒಂದೇ ಥರದ್ದು, ಮೇಲೆ ಮೊಬೈಲ್ ಸಿಕ್ಕಿಸಿಕೊಳ್ಳಬೇಕು. ಎರಡರ ಲೆನ್ಸೂ ಎಫ್ 2.8, ಅಂದರೆ ಬೆಳಕು ಒಳಬಿಡುವ ಕಿಂಡಿ ಒಂದೇ ಅಳತೆಯದು, ಅದನ್ನು ಕಿರಿದು ಮಾಡಲು ಬರುವುದಿಲ್ಲ. ಹಾಗಾಗಿ ಬೆಳಕು ತಗ್ಗಿಸುವ ಕಪ್ಪು ಗಾಜು, ಅಂದರೆ ಎನ್‌ಡಿ ಫಿಲ್ಟರ್, ಎರಡಕ್ಕೂ ಬೇಕೇ ಬೇಕು. ಮಟಮಟ ಮಧ್ಯಾಹ್ನ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100 ಇಟ್ಟರೂ ಶಟರ್ ವೇಗ 1/3200 ಸೆಕೆಂಡಿನ ಹತ್ತಿರ ಹೋಗುತ್ತದೆ, ವಿಡಿಯೊ ಗಡಗಡ ಅನ್ನಿಸುತ್ತದೆ. ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ 64 ಹಾಕಿದರೆ ಅದು 1/50ಕ್ಕೆ ಇಳಿಯುತ್ತದೆ. ಸೆಕೆಂಡಿಗೆ 25 ಫ್ರೇಮ್ ತೆಗೆಯುವವರಿಗೆ ಬೇಕಾದದ್ದು ಅದೇ.

ಈಗ ಬೆಳಕಿನ ವಿಷಯ. ಅಡಿಕೆ ತೋಟದಷ್ಟು ಕಷ್ಟದ ಜಾಗ ಕ್ಯಾಮೆರಾಗೆ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ. ಬೆಳಗ್ಗೆ ಏಳರ ಬಿಸಿಲಿಗೆ ಸೋಗೆಯ (ಅಡಿಕೆ ಗರಿಯ) ತುದಿ ಪಳಪಳ ಹೊಳೆಯುತ್ತಿರುತ್ತದೆ. ಎರಡು ಮಾರು ಕೆಳಗೆ ಬರೀ ಕತ್ತಲು. ಅದರ ಹಿಂದೆ ಮಂಜು ತುಂಬಿದ ಬಿಳಿ ಆಕಾಶ. ಮಿನಿ 2ರ ಕ್ಯಾಮೆರಾದಲ್ಲಿ ಬೆಳಕು ಹಿಡಿಯುವ ಸೆನ್ಸರ್ 1/2.3 ಇಂಚಿನದು. ಆಕಾಶ ಉಳಿಸಿಕೊಂಡರೆ ಕಾಂಡಗಳು ಕಪ್ಪಾಗುತ್ತವೆ, ಕಾಂಡ ಉಳಿಸಿಕೊಂಡರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಏರ್ 2ಎಸ್‌ನದು ಒಂದು ಇಂಚಿನ ಸೆನ್ಸರ್, ವಿಸ್ತೀರ್ಣದಲ್ಲಿ ಅದರ ನಾಲ್ಕು ಪಟ್ಟು. ಜೊತೆಗೆ 10 ಬಿಟ್ ಡಿ-ಲಾಗ್ ಇದೆ, ಅಂದರೆ ಆಮೇಲೆ ಬಣ್ಣ ತಿದ್ದಿಕೊಳ್ಳಲು ಅನುಕೂಲವಾಗುವಂತೆ ವಿಡಿಯೊ ತೆಗೆಯುವ ವಿಧಾನ. 8 ಬಿಟ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲಾದರೆ 10 ಬಿಟ್‌ನಲ್ಲಿ 1024. ಎಡಿಟಿಂಗ್‌ನಲ್ಲಿ ನೆರಳಿನ ಭಾಗವನ್ನು ಬೆಳಗಿಸಿದಾಗ ಸೋಗೆಯ ಹಸಿರು, ಕಾಂಡದ ಪಾಚಿ, ಎಳೆ ಕೊನೆಯ (ಅಡಿಕೆ ಗೊನೆಯ) ತಿಳಿಹಳದಿ ಎಲ್ಲ ಬೇರೆಬೇರೆಯಾಗಿ ಕಾಣುತ್ತವೆ. ಚಿಕ್ಕದರಲ್ಲಿ ಅವೆಲ್ಲ ಸೇರಿ ಒಂದೇ ಹಸಿರು ಮುದ್ದೆ.

ದೊಡ್ಡದರ 5.4ಕೆ ವಿಡಿಯೊ ಬಗ್ಗೆ ಮೊದಲು ನನಗೂ ಅಷ್ಟು ನಂಬಿಕೆ ಇರಲಿಲ್ಲ. ನೋಡುವವರೆಲ್ಲ ಮೊಬೈಲಿನಲ್ಲೇ ನೋಡುವಾಗ ಅಷ್ಟು ಯಾಕೆ ಅಲ್ವಾ? ಅದರ ಬೆಲೆ ಗೊತ್ತಾಗಿದ್ದು ಅಡಿಕೆ ಕೊನೆ ಕೊಯ್ಲಿನ ಹೊತ್ತಿನಲ್ಲಿ. ಕೊನೆ ಕೊಯ್ಯುವ ಕೊನೆಗೌಡರು ಮರದ ತುದಿಯಲ್ಲಿ ಕೂತು, ಮರವನ್ನೇ ಬಾಗಿಸಿ, ಪಕ್ಕದ ಮರಕ್ಕೆ ದಾಟುತ್ತಾರೆ. ಅವರ ಹತ್ತಿರಕ್ಕೆ ಡ್ರೋನ್ ಒಯ್ಯಲೇಬಾರದು. ಅವರ ಗಮನ ಒಂದು ಕ್ಷಣ ಇತ್ತ ಬಂದರೂ ಅಪಾಯ. 5.4ಕೆಯಲ್ಲಿ ಚಿತ್ರದ ಅಗಲ 5472 ಪಿಕ್ಸೆಲ್, 4ಕೆಯಲ್ಲಿ 3840. ಅಂದರೆ ದೂರ ನಿಂತು ತೆಗೆದು, ಆಮೇಲೆ 1.4 ಪಟ್ಟು ಹತ್ತಿರಕ್ಕೆ ಕತ್ತರಿಸಿಕೊಂಡರೂ ಪೂರ್ತಿ 4ಕೆ ಉಳಿಯುತ್ತದೆ. ಈ ಒಂದು ಕೆಲಸಕ್ಕೇ ನಾನು ದೊಡ್ಡದನ್ನು ಮೆಚ್ಚುತ್ತೇನೆ.

ಗಾಳಿಗೆ ಬರೋಣ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ. ಮಧ್ಯಾಹ್ನದ ಮೇಲೆ ಗಾಳಿ ಕಡಲಿಂದ ಬೀಸುತ್ತದೆ. ಮರಳಿನ ಮೇಲೆ ನಿಂತು ಹೊಳೆ ಕಡೆ ಕಳಿಸಿದರೆ ಎರಡೂ ಸುಮ್ನೆ ತೇಲಿಕೊಂಡು ಹೋಗುತ್ತವೆ. ವಾಪಸ್ ಬರುವಾಗಲೇ ಪರೀಕ್ಷೆ. ಮಿನಿ 2 ಸಾಧಾರಣ ಮೋಡಿನಲ್ಲಿ ಸೆಕೆಂಡಿಗೆ 10 ಮೀಟರ್ ಹೋಗುತ್ತದೆ. ಎದುರು ಗಾಳಿ 8 ಮೀಟರ್ ಇದ್ದರೆ ಉಳಿಯುವುದು ಎರಡೇ ಮೀಟರ್. ಅರ್ಧ ಕಿಲೋಮೀಟರ್ ಬರಲು ನಾಲ್ಕು ನಿಮಿಷ ಮೀರುತ್ತದೆ, ಬ್ಯಾಟರಿ ಕರಗುತ್ತಲೇ ಇರುತ್ತದೆ. ಸ್ಪೋರ್ಟ್ ಮೋಡಿಗೆ ಹಾಕಿದರೆ 16 ಮೀಟರ್ ಸಿಗುತ್ತದೆ, ಆದರೆ ಮೂಗು ಬಗ್ಗಿಸಿಕೊಂಡು ನುಗ್ಗುವಾಗ ತೆಗೆದ ವಿಡಿಯೊ ಕೆಲಸಕ್ಕೆ ಬರುವುದು ಕಷ್ಟ. ಏರ್ 2ಎಸ್ ಸಾಧಾರಣ ಮೋಡಿನಲ್ಲೇ 15 ಮೀಟರ್ ಹೋಗುತ್ತದೆ. ಅದೇ ಗಾಳಿಯಲ್ಲಿ ಆರಾಮಾಗಿ ಚಿತ್ರೀಕರಣ ಮಾಡುತ್ತಲೇ ವಾಪಸ್ ಬರುತ್ತದೆ. ಯಾವುದನ್ನೇ ಹಾರಿಸಿ, ಮೊದಲು ಗಾಳಿಗೆ ಎದುರಾಗಿ ಹೋಗಿ. ಬರುವಾಗ ಗಾಳಿಯೇ ತಳ್ಳಿಕೊಂಡು ಬರುತ್ತದೆ.

ಇನ್ನು ಸುತ್ತ ಏನಿದೆ ಅಂತ ಡ್ರೋನ್‌ಗೆ ತಿಳಿಸುವ ಸೆನ್ಸರ್. ಮಿನಿ 2ರಲ್ಲಿ ಅದು ಕೆಳಗೆ ಮಾತ್ರ ಇದೆ. ಏರ್ 2ಎಸ್‌ಗೆ ಮುಂದೆ, ಹಿಂದೆ, ಮೇಲೆ, ಕೆಳಗೆ ಇದೆ. ಎಡ, ಬಲ ಎರಡೂ ಕುರುಡೇ. ದೊಡ್ಡದು ಅಂತ ಧೈರ್ಯ ಮಾಡಿ ತೆಂಗಿನ ಗರಿಯ ಪಕ್ಕ ಅಡ್ಡಡ್ಡ ಹಾರಿಸಬೇಡಿ.

ಹಾಗಾದರೆ ಮಿನಿ 2 ಬೇಡವಾ? ಖಂಡಿತ ಬೇಕು. ಸದ್ದು ಕಡಿಮೆ, ಅಂಗೈಯಲ್ಲಿ ಹಿಡಿಸುತ್ತದೆ, ಬೈಕಿನಲ್ಲಿ ಹೋಗುವಾಗ ಹೆಗಲಿಗೆ ಭಾರ ಇಲ್ಲ. ಜಾಸ್ತಿ ಸಲ ಮೇಲೇರುವುದು ಅದೇ. ಬೆಳಕು ಮೆತ್ತಗಿದ್ದು ಗಾಳಿ ನಿಂತಿದ್ದರೆ ಎರಡರ ವಿಡಿಯೊ ಪಕ್ಕಪಕ್ಕ ಇಟ್ಟರೂ ಮನೆಯವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂವರೆಗಿನದು ನ್ಯಾನೊ, ಅದರ ಮೇಲೆ 2 ಕಿಲೋವರೆಗೆ ಮೈಕ್ರೊ. ನ್ಯಾನೊಗೂ, ವ್ಯಾಪಾರಕ್ಕಲ್ಲದ ಮೈಕ್ರೊಗೂ ಪೈಲಟ್ ಪ್ರಮಾಣಪತ್ರ ಬೇಡ. ಆದರೆ ಮಿನಿಗೆ ರೆಕ್ಕೆಯ ಸುತ್ತ ಗಾರ್ಡ್ ಹಾಕಿದ ತಕ್ಷಣ ಅದು 250 ದಾಟಿ ಮೈಕ್ರೊ ಆಗಿಬಿಡುತ್ತದೆ. ಎಲ್ಲಿ ಹಾರಿಸಬಹುದು ಅನ್ನುವುದನ್ನು ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಯೇ ಹೊರಡಿ. ಕಾರವಾರದ ಕಡೆ ನೌಕಾನೆಲೆ ಇದೆ, ಅಲ್ಲಿ ಬ್ಯಾಗಿನ ಜಿಪ್ಪೇ ತೆಗೆಯಬೇಡಿ.

ಫೆಬ್ರವರಿ 2022ರಲ್ಲಿ ಸರ್ಕಾರ ಡ್ರೋನ್ ಆಮದು ನಿಲ್ಲಿಸಿತು. ಹಾಗಾಗಿ ಈ ಎರಡರಲ್ಲಿ ಯಾವುದನ್ನು ಹುಡುಕಿದರೂ ಕೈ ಬದಲಾದದ್ದೇ ಸಿಗುವ ಸಂಭವ ಜಾಸ್ತಿ. ನೋಡಲು ಹೋದಾಗ ಬ್ಯಾಟರಿಯನ್ನು ಸಮತಟ್ಟಾದ ಮೇಜಿನ ಮೇಲಿಡಿ. ಉಬ್ಬಿದ್ದರೆ ಅಲ್ಲಾಡುತ್ತದೆ, ಅಂಥದ್ದು ಬೇಡ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಆನ್ ಮಾಡಿ, ಡ್ರೋನನ್ನು ಕೈಯಲ್ಲಿ ಹಿಡಿದು ನಿಧಾನಕ್ಕೆ ಓರೆ ಮಾಡಿ, ಪರದೆಯಲ್ಲಿ ದಿಗಂತ ನೆಟ್ಟಗೆ ನಿಲ್ಲುತ್ತದಾ ನೋಡಿ. ಆಮೇಲೆ ದುಡ್ಡಿನ ಮಾತು.