ಮೂರು ಪದರದ ಸ್ಟೀಲ್ ಪ್ಯಾನ್: ಅಡುಗೆ ಕಲಿಯುವವರ ಮೊದಲ ಪಾತ್ರೆಯಾಗಿ ಹೇಗಿದೆ?

ಅಡುಗೆ ಕಲಿಯಲು ಹೊರಟವರು ಹತ್ತಾರು ಪಾತ್ರೆಗಳ ಸೆಟ್ಟನ್ನು ಒಮ್ಮೆಗೇ ಕೊಳ್ಳುವ ಬದಲು, ಮೂರು ಪದರದ ಒಂದು ಸ್ಟೀಲ್ ಪ್ಯಾನ್ ಮತ್ತು ಒಂದು ಒಳ್ಳೆಯ ಚಾಕುವಿನಿಂದ ಆರಂಭಿಸುವುದು ಮೇಲು. ಹಲವು ವರ್ಷಗಳ ನಿತ್ಯದ ಬಳಕೆಯ ನಂತರ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯವಿದು. ನಾನು ಬಳಸುತ್ತಿರುವುದು 26 ಸೆಂಟಿಮೀಟರ್ ಅಗಲದ, ಅಂಚು ತುಸು ಎತ್ತರವಾಗಿರುವ, ಮುಚ್ಚಳವಿರುವ ಪ್ಯಾನ್. ಹುರಿಯುವುದು, ಬೇಯಿಸುವುದು, ನೀರು ಇಂಗಿಸುವುದು ಎಲ್ಲವೂ ಇದರಲ್ಲಿ ಸಾಧ್ಯ.

ಸ್ಟೇನ್‌ಲೆಸ್ ಸ್ಟೀಲ್ ಗಟ್ಟಿಯಾದ ಲೋಹ, ಹುಳಿ ಪದಾರ್ಥಗಳಿಗೂ ಹೆದರುವುದಿಲ್ಲ. ಆದರೆ ಶಾಖವನ್ನು ಹರಡುವುದರಲ್ಲಿ ಅದು ಅಲ್ಯೂಮಿನಿಯಮ್ಮಿಗಿಂತ ಹತ್ತು ಪಟ್ಟಿಗೂ ಹೆಚ್ಚು ಹಿಂದೆ. ತೆಳುವಾದ ಒಂಟಿ ಪದರದ ಸ್ಟೀಲ್ ಪಾತ್ರೆಯಲ್ಲಿ ಉರಿ ತಾಗುವ ಜಾಗ ಸೀದುಹೋಗಿ, ಬದಿಯಲ್ಲಿರುವುದು ಹಸಿಯಾಗಿಯೇ ಉಳಿಯುವುದು ಇದರಿಂದಲೇ. ಮೂರು ಪದರದ ಪ್ಯಾನಿನಲ್ಲಿ ಎರಡು ಸ್ಟೀಲ್ ಹಾಳೆಗಳ ನಡುವೆ ಅಲ್ಯೂಮಿನಿಯಂ ಇರುತ್ತದೆ ಮತ್ತು ಅದು ತಳದಿಂದ ಅಂಚಿನವರೆಗೂ ಹಬ್ಬಿರುತ್ತದೆ. ಕೊಳ್ಳುವಾಗ ಇದನ್ನು ಗಮನಿಸಲೇಬೇಕು, ಏಕೆಂದರೆ ತಳಕ್ಕೆ ಮಾತ್ರ ದಪ್ಪ ತಟ್ಟೆ ಅಂಟಿಸಿದ ಪಾತ್ರೆಗಳೂ ಮಾರಾಟದಲ್ಲಿವೆ. ಅವುಗಳ ಹೊರಮೈಯಲ್ಲಿ ತಳದ ಸುತ್ತ ಒಂದು ಮೆಟ್ಟಿಲು ಸ್ಪಷ್ಟವಾಗಿ ಕಾಣುತ್ತದೆ. ಜ್ವಾಲೆ ಆ ತಟ್ಟೆಗಿಂತ ಅಗಲವಾದರೆ ಪದಾರ್ಥ ಅಂಚಿನ ಸುತ್ತ ಉಂಗುರದಂತೆ ಕರಕಲಾಗುತ್ತದೆ. ಇಂಡಕ್ಷನ್ ಒಲೆ ಇರುವವರು ತಳಕ್ಕೆ ಅಯಸ್ಕಾಂತ ಅಂಟುತ್ತದೆಯೇ ಎಂದು ನೋಡಿಕೊಂಡರೆ ಸಾಕು.

ಈ ಪ್ಯಾನಿನ ಬಗ್ಗೆ ಹೊಸಬರಿಂದ ಕೇಳಿಬರುವ ಮುಖ್ಯ ದೂರು ತಳ ಹಿಡಿಯುತ್ತದೆ ಎಂಬುದು. ದೂರು ನಿಜ, ಆದರೆ ಅದಕ್ಕೆ ಪರಿಹಾರವೂ ಇದೆ. ಖಾಲಿ ಪ್ಯಾನನ್ನು ಮಧ್ಯಮ ಉರಿಯಲ್ಲಿ ಕಾಯಿಸಿ ಒಂದು ಹನಿ ನೀರು ಬಿಡಿ. ಅದು ಹರಡಿಕೊಂಡು ಚುರ್ ಎಂದು ಆರಿಹೋದರೆ ಪ್ಯಾನ್ ಇನ್ನೂ ಕಾಯಬೇಕು. ಮಣಿಯಂತೆ ಉಂಡೆಯಾಗಿ ತಳದ ಮೇಲೆ ಜಾರುತ್ತಾ ಓಡಿದರೆ ಕಾದಿದೆ ಎಂದರ್ಥ. ಹನಿಯ ಕೆಳಗೆ ಹುಟ್ಟುವ ಆವಿಯ ತೆಳು ಪದರವೇ ಅದನ್ನು ಎತ್ತಿ ಹಿಡಿದಿರುತ್ತದೆ. 1756ರಲ್ಲಿ ಇದನ್ನು ವಿವರಿಸಿದ ಜರ್ಮನ್ ವೈದ್ಯ ಲೈಡನ್‌ಫ್ರಾಸ್ಟ್ ಅವರ ಹೆಸರಿನಿಂದಲೇ ವಿಜ್ಞಾನಿಗಳು ಈ ವಿದ್ಯಮಾನವನ್ನು ಕರೆಯುತ್ತಾರೆ. ಆ ಹೊತ್ತಿಗೆ ಪ್ಯಾನಿನ ಬಿಸಿ ಸುಮಾರು 200 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ, ಕೆಲವು ಎಣ್ಣೆಗಳು ಹೊಗೆಯಾಡಲು ಅಷ್ಟು ಸಾಕು. ಆದ್ದರಿಂದ ನೀರನ್ನು ಒರೆಸಿ, ಉರಿ ತಗ್ಗಿಸಿ, ತುಸು ತಡೆದು ಎಣ್ಣೆ ಹಾಕಬೇಕು. ಹಾಕಿದ ತುಂಡುಗಳು ಮೊದಲಿಗೆ ಅಂಟಿಕೊಂಡರೂ ಕೆರೆಯಬಾರದು. ಅಡಿಭಾಗ ಕೆಂಪಗಾದಾಗ ಅವು ತಾವಾಗಿಯೇ ಬಿಟ್ಟುಕೊಳ್ಳುತ್ತವೆ. ಕೊನೆಗೆ ತಳದಲ್ಲಿ ಉಳಿಯುವ ಕಂದು ಅಂಶವನ್ನು ಸ್ವಲ್ಪ ನೀರು ಹಾಕಿ ಕರಗಿಸಿಕೊಂಡರೆ ಅಡುಗೆಯ ರುಚಿಯೆಲ್ಲ ಅಲ್ಲೇ ಇರುತ್ತದೆ.

ಕಲಿಯುವವರಿಗೆ ಈ ಪ್ಯಾನ್ ಹಿಡಿಸಬೇಕಾದ ಇನ್ನೊಂದು ಕಾರಣವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಹೊಳೆಯುವ ಸ್ಟೀಲಿನ ಮೇಲೆ ಈರುಳ್ಳಿ ಯಾವಾಗ ಹೊಂಬಣ್ಣಕ್ಕೆ ತಿರುಗಿತು, ಯಾವಾಗ ಕಪ್ಪಾಗತೊಡಗಿತು ಎಂಬುದು ಕಣ್ಣಿಗೆ ಕಾಣುತ್ತದೆ. ಕಪ್ಪು ಲೇಪನದ ನಾನ್‌ಸ್ಟಿಕ್ ಪಾತ್ರೆ ಇದನ್ನು ಮರೆಮಾಡುತ್ತದೆ. ಹಾಗೆಂದು ನಾನ್‌ಸ್ಟಿಕ್ ಬೇಡವೆನ್ನಲಾರೆ: ಮೊಟ್ಟೆಯಂತಹ ನಾಜೂಕಿನ ಪದಾರ್ಥಕ್ಕೆ ಒಂದು ಚಿಕ್ಕದು ಇರಲಿ. ಆದರೆ ಅದನ್ನು ಖಾಲಿಯಾಗಿ ಜೋರು ಉರಿಯಲ್ಲಿ ಕಾಯಿಸಬಾರದು, ಟೆಫ್ಲಾನ್ ಲೇಪನಕ್ಕೆ 260 ಡಿಗ್ರಿಯ ಆಚೆ ಉಳಿಗಾಲವಿಲ್ಲ. ಲೇಪನ ಸವೆದ ಮೇಲೆ ಅದನ್ನು ಬದಲಿಸಲೇಬೇಕು; ಸ್ಟೀಲಿನಲ್ಲಿ ಸವೆಯಲು ಲೇಪನವೇ ಇಲ್ಲ.

ಇಷ್ಟು ವರ್ಷಗಳಲ್ಲಿ ಪ್ಯಾನಿನ ಮೈಮೇಲೆ ಸಣ್ಣ ಗೀರುಗಳು ಮೂಡಿವೆ, ಅಡುಗೆಗೆ ಅದರಿಂದ ತೊಂದರೆಯಿಲ್ಲ. ಹೆಚ್ಚು ಕಾದಾಗ ಕಾಣುವ ಕಾಮನಬಿಲ್ಲಿನ ಬಣ್ಣಗಳೂ ಗಡಸು ನೀರು ಬಿಟ್ಟುಹೋಗುವ ಬಿಳಿ ಕಲೆಗಳೂ ವಿನೆಗರ್ ಹಾಕಿ ಉಜ್ಜಿದರೆ ಹೋಗುತ್ತವೆ. ಹೋಗದಿರುವುದು ಉಪ್ಪಿನಿಂದಾಗುವ ಸೂಜಿಮೊನೆಯಂತಹ ಗುಳಿಗಳು. ತಣ್ಣೀರಿನ ತಳದಲ್ಲಿ ಉಪ್ಪು ಕರಗದೆ ಕೂತರೆ ಅವು ಮೂಡುತ್ತವೆ, ಹಾಗಾಗಿ ನೀರು ಕುದಿದ ಮೇಲೆಯೇ ಉಪ್ಪು ಹಾಕಬೇಕು. ಕಾದ ಪ್ಯಾನಿಗೆ ಒಮ್ಮೆಲೇ ತಣ್ಣೀರು ಸುರಿದರೆ ತಳ ಸೊಟ್ಟಗಾಗಬಹುದು. ಕೊರತೆಗಳೂ ಇವೆ. ಪ್ಯಾನ್ ಭಾರವಾಗಿದೆ, ತುಂಬಿದಾಗ ಒಂದೇ ಕೈಯಲ್ಲಿ ಎತ್ತುವುದು ಕಷ್ಟ. ಹಿಡಿಯನ್ನು ಕೂಡಿಸಿರುವ ರಿವೆಟ್‌ಗಳ ಸುತ್ತ ಜಿಡ್ಡು ಸೇರುತ್ತದೆ, ಅದನ್ನು ತೆಗೆಯಲು ಬ್ರಷ್ಷೇ ಬೇಕು. ದೀರ್ಘ ಕಾಲ ಒಲೆಯ ಮೇಲಿದ್ದರೆ ಹಿಡಿಯೂ ಬಿಸಿಯಾಗುತ್ತದೆ.

ಚಾಕುವಿನ ಬಗ್ಗೆ ಹೇಳುವುದಾದರೆ, ಸುಮಾರು 20 ಸೆಂಟಿಮೀಟರ್ ಅಲಗಿನ ಒಂದು ಶೆಫ್ ಚಾಕು ಬಹುತೇಕ ಎಲ್ಲ ಕೆಲಸಕ್ಕೂ ಆಗುತ್ತದೆ. ಮೊಂಡಾದ ಚಾಕುವಿಗೆ ಹೆಚ್ಚು ಬಲ ಬೇಕು, ಬಲ ಹೆಚ್ಚಾದಾಗ ಅದು ಜಾರಿ ಬೆರಳಿಗೆ ತಾಗುತ್ತದೆ. ಆದ್ದರಿಂದ 1000 ಗ್ರಿಟ್ಟಿನ (ಗ್ರಿಟ್ ಎಂದರೆ ಕಲ್ಲಿನ ಕಣಗಳು ಎಷ್ಟು ನಯ ಎಂಬುದರ ಅಳತೆ) ಒಂದು ಸಾಣೆಕಲ್ಲನ್ನು ಚಾಕುವಿನ ಜೊತೆಯಲ್ಲೇ ಕೊಳ್ಳಬೇಕು. ಹೆಚ್ಚುವ ಮಣೆ ಮರದ್ದೋ ಪ್ಲಾಸ್ಟಿಕ್ಕಿನದೋ ಆಗಿರಲಿ, ಗಾಜು ಮತ್ತು ಕಲ್ಲು ಅಲಗನ್ನು ಬೇಗ ಕೆಡಿಸುತ್ತವೆ. ಒಂದು ಗ್ರಾಂವರೆಗೆ ತೋರಿಸುವ ಡಿಜಿಟಲ್ ತಕ್ಕಡಿಯೂ ಇದ್ದರೆ ಪಾಕವಿಧಾನದ ಅಳತೆಗಳು ಊಹೆಯಾಗಿ ಉಳಿಯುವುದಿಲ್ಲ.

ಅಳತೆಯ ವಿಚಾರದಲ್ಲಿ, ಒಬ್ಬರಿಗಾಗಿ ಅಡುಗೆ ಮಾಡುವವರಿಗೆ 24 ಸೆಂಟಿಮೀಟರ್ ಪ್ಯಾನ್ ಸಾಕು. ಒಲೆಯ ಬರ್ನರ್ ಚಿಕ್ಕದಿದ್ದರೆ 30 ಸೆಂಟಿಮೀಟರಿನದನ್ನು ನಾನು ಶಿಫಾರಸು ಮಾಡುವುದಿಲ್ಲ, ಏಕೆಂದರೆ ನಡುವೆ ಅಲ್ಯೂಮಿನಿಯಂ ಇದ್ದರೂ ಅಷ್ಟು ಅಗಲಕ್ಕೆ ಶಾಖ ಸಮವಾಗಿ ತಲುಪುವುದಿಲ್ಲ.