ಎರಡೂ ಮುಕ್ಕಾಲು ಇಂಚಿಗೆ ಐದು ತಿಂಗಳು: ಓಸಿ ಇಲ್ಲದೆ ಸಿಕ್ಕಿಕೊಂಡ ಕಥೆ

ಹಾಸನದಲ್ಲಿ ನಾವಿನ್ನೂ ಸೆಸ್ಕ್ ಆಫೀಸನ್ನು ಕೆಇಬಿ ಅಂತಲೇ ಕರೆಯುವುದು. 2025ರ ಮೇ ತಿಂಗಳಲ್ಲಿ ಹೊಸ ಮನೆಗೆ ಪರ್ಮನೆಂಟ್ ಮೀಟರ್ ಹಾಕಿಸೋಣ ಅಂತ ಫೈಲು ಹಿಡಿದು ಅಲ್ಲಿಗೆ ಹೋದೆ. ಖಾತೆ ಇತ್ತು, ಲೈಸೆನ್ಸ್ ಇತ್ತು, ಕಂದಾಯದ ರಸೀದಿ ಇತ್ತು, ವೈರಿಂಗ್ ರಿಪೋರ್ಟ್ ಇತ್ತು. ಕೌಂಟರಿನಲ್ಲಿದ್ದ ಹೆಣ್ಣುಮಗಳು ಒಂದೊಂದೇ ಹಾಳೆ ತಿರುವಿ, ಕೊನೆಯದನ್ನೂ ನೋಡಿ, 'ಓಸಿ ಎಲ್ಲಿ ಸಾರ್?' ಅಂದರು. ಓಸಿ ಅಂದರೆ ಆಕ್ಯುಪೇಷನ್ ಸರ್ಟಿಫಿಕೇಟ್, ಮನೆ ಪ್ಲಾನಿನಂತೆ ಕಟ್ಟಿದೆ, ವಾಸ ಮಾಡಬಹುದು ಅಂತ ಕೊಡುವ ಪತ್ರ.

ಓಸಿ ತಗೊಂಡಿಲ್ಲಮ್ಮ, ನಮ್ಮ ಕಡೆ ಯಾರು ತಗೋತಾರೆ ಅಂದೆ.

'ಅದಿಲ್ಲದೆ ಅರ್ಜಿ ತಗೊಳ್ಳೋ ಹಾಗಿಲ್ಲ ಸಾರ್. ಸುಪ್ರೀಂ ಕೋರ್ಟ್ ಆರ್ಡರ್ ಇದೆ.'

ನನಗೆ ನಗು ಬಂತು. ಸಾಲಗಾಮೆ ರಸ್ತೆ ಕಡೆಯ ನನ್ನ 40-60 ಸೈಟಿಗೂ ದೆಹಲಿಯ ಕೋರ್ಟಿಗೂ ಎಲ್ಲಿಯ ನಂಟು? ಆ ನಗು ಅವತ್ತು ಸಂಜೆಯವರೆಗೂ ಉಳಿಯಲಿಲ್ಲ. ಆಮೇಲೆ ಐದು ತಿಂಗಳು ಓಡಾಡಿದೆ. ದುಡ್ಡು ಹೋಯಿತು, ಗೋಡೆ ಕಿತ್ತಿತು, ನಮ್ಮನೆಯವರ ಮಾತು ಕೇಳಿ ಕೇಳಿ ಸಾಕಾಯಿತು. ಈಗ ಪಾಯ ತೆಗೆಸುತ್ತಿರುವವರು, ಗೋಡೆ ಏರಿಸುತ್ತಿರುವವರು ಯಾರಾದರೂ ಇದ್ದರೆ ಸ್ವಲ್ಪ ನಿಂತು ಓದಿ.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ಮಕ್ಕಳು ಅಳತೆಯಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೂ ಕೆಂಪು ಇಂಕು ಹಾಕುವವನು. ನನ್ನ ಸ್ವಂತ ಮನೆ ಕಟ್ಟುವಾಗ ಒಂದೇ ಒಂದು ದಿನ ಟೇಪು ಹಿಡಿಯಲಿಲ್ಲ. ಎಲ್ಲಾ ಕಂಟ್ರಾಕ್ಟರಿಗೆ ಬಿಟ್ಟಿದ್ದೆ. ಪ್ಲಾನ್ ಮಾಡಿಸಿದ್ದು ಅವನೇ, ಲೈಸೆನ್ಸ್ ತಂದಿದ್ದು ಅವನೇ. ಪ್ಲಾನಿಗೆ ಸೈನ್ ಹಾಕಿದ ಇಂಜಿನಿಯರ್ ಕರಿಯನೋ ಬಿಳಿಯನೋ ನನಗೆ ಗೊತ್ತಿರಲಿಲ್ಲ. ಮನೆ ಮುಗಿಯುವವರೆಗೂ ಆ ಮನುಷ್ಯ ಸೈಟಿನ ಕಡೆ ತಲೆ ಹಾಕಲಿಲ್ಲ.

ಓಸಿ ವಿಚಾರ ನಾನು ಒಂದು ಸಲ ಕೇಳಿದ್ದುಂಟು. 'ಅದೆಲ್ಲ ಬೆಂಗ್ಳೂರ್ ಅಪಾರ್ಟ್‌ಮೆಂಟಿಗೆ ಬುಡಿ ಮೇಷ್ಟ್ರೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಕ್ರಮ-ಸಕ್ರಮ ಬರ್ತದೆ' ಅಂದ. ನಾನು ನಂಬಿದೆ. ಆಮೇಲೆ ತಿಳಿದುಕೊಂಡಿದ್ದು ಏನಪ್ಪಾ ಅಂದರೆ, ಆ ಅಕ್ರಮ-ಸಕ್ರಮ 2013ರ ಅಕ್ಟೋಬರ್ 19ಕ್ಕಿಂತ ಮುಂಚಿನ ಕಟ್ಟಡಗಳಿಗೆ ಅಂತ ಮಾಡಿದ್ದು. ಅದಕ್ಕೂ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತ್ತು. ನಾನು ಪಾಯ ತೆಗೆಸಿದ್ದು 2024ರಲ್ಲಿ. ಯಾವ ಸಕ್ರಮ ನನ್ನನ್ನು ಕಾಯುತ್ತಿತ್ತು?

ಕೆಇಬಿಯವರು ಹೇಳಿದ ಆರ್ಡರ್ 2024ರ ಡಿಸೆಂಬರ್ 17ರದ್ದು. ಉತ್ತರ ಪ್ರದೇಶದ ಮೀರತ್‌ನಲ್ಲಿ ಶಾಸ್ತ್ರಿನಗರ ಅಂತ ಒಂದು ಬಡಾವಣೆ. ವಾಸಕ್ಕೆ ಅಂತ ಕೊಟ್ಟ ಜಾಗದಲ್ಲಿ ಅಂಗಡಿ ಎಬ್ಬಿಸಿದ್ದರು. ಆ ಕೇಸು ಸುಪ್ರೀಂ ಕೋರ್ಟಿಗೆ ಹೋಗಿ, ಕಟ್ಟಿದ್ದನ್ನು ಒಡೆಯಿರಿ ಅಂತ ತೀರ್ಪಾಯಿತು. ಅಷ್ಟಕ್ಕೇ ನಿಲ್ಲಿಸದೆ ಕೋರ್ಟು ಇಡೀ ದೇಶಕ್ಕೆ ಒಂದಷ್ಟು ನಿಯಮ ಹಾಕಿತು. ಕಂಪ್ಲೀಷನ್ ಅಥವಾ ಆಕ್ಯುಪೇಷನ್ ಸರ್ಟಿಫಿಕೇಟ್ ತೋರಿಸಿದ ಮೇಲೆಯೇ ಕರೆಂಟು, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಕಟ್ಟಡದ ಆಧಾರದ ಮೇಲೆ ಸಾಲ ಕೊಡುವ ಬ್ಯಾಂಕು ಕೂಡ ಇದನ್ನು ನೋಡಿಯೇ ಕೊಡಬೇಕು. ಮಂಜೂರಾದ ಪ್ಲಾನಿನ ಪ್ರತಿಯನ್ನು ಕೆಲಸ ಮುಗಿಯುವವರೆಗೆ ಸೈಟಿನಲ್ಲಿ ಕಾಣುವ ಹಾಗೆ ಹಾಕಿರಬೇಕು. ನಮ್ಮ ಸೈಟಿನಲ್ಲಿ ಕಾಣುತ್ತಿದ್ದುದು ದೃಷ್ಟಿಗೊಂಬೆ ಒಂದೇ.

ವಾಪಸ್ ಬಂದು ಕಂಟ್ರಾಕ್ಟರಿಗೆ ಫೋನ್ ಮಾಡಿದೆ. ಮೂರು ದಿನ ಬಿಟ್ಟು ಒಂದು ಕಾಗದ ತಂದುಕೊಟ್ಟ. 'ತಗಳಿ, ಸಿಸಿ ಬಂತು.' ಇಲ್ಲಿ ಬಹಳ ಜನ ಬೀಳುತ್ತಾರೆ, ನೋಡಿಕೊಳ್ಳಿ. ಅದು ಆ ಇಂಜಿನಿಯರ್ ತನ್ನ ಲೆಟರ್‌ಹೆಡ್ಡಿನಲ್ಲಿ, ಕಟ್ಟಡ ಪ್ಲಾನಿನಂತೆಯೇ ಮುಗಿದಿದೆ ಅಂತ ಬರೆದುಕೊಟ್ಟ ವರದಿ. ಓಸಿಗೆ ಅರ್ಜಿ ಹಾಕುವಾಗ ಜೊತೆಗಿಡಬೇಕಾದ ಕಾಗದಗಳಲ್ಲಿ ಅದೂ ಒಂದು ಅಷ್ಟೇ. ಓಸಿ ಕೊಡುವುದು ಸ್ಥಳೀಯ ಸಂಸ್ಥೆ, ಅವರ ಇಂಜಿನಿಯರ್ ಬಂದು ಅಳೆದು ನೋಡಿದ ಮೇಲೆ. ಇನ್ನು ಸಿಸಿ ಅನ್ನುವ ಎರಡಕ್ಷರ ಬೇರೆ ಮೋಸ. ಕೆಲಸ ಶುರು ಮಾಡಲು ಕೊಡುವ ಕಮೆನ್ಸ್‌ಮೆಂಟ್ ಸರ್ಟಿಫಿಕೇಟೂ ಸಿಸಿ, ಮುಗಿದ ಮೇಲಿನ ಕಂಪ್ಲೀಷನ್ ಸರ್ಟಿಫಿಕೇಟೂ ಸಿಸಿ. ಯಾರಾದರೂ ಸಿಸಿ ಇದೆ ಅಂದರೆ ಕಾಗದ ಕೈಗೆ ತಗೊಂಡು ಪೂರ್ತಿ ಹೆಸರು ಓದಿ, ಕೆಳಗೆ ಯಾರ ಸೀಲು ಇದೆ ನೋಡಿ.

ಆ ವರದಿಯನ್ನು ಅವತ್ತು ರಾತ್ರಿ ಕೂತು ಓದಿದೆ. ಎಡಗಡೆ ಸೆಟ್‌ಬ್ಯಾಕ್, ಅಂದರೆ ಸೈಟಿನ ಗಡಿಗೂ ಮನೆ ಗೋಡೆಗೂ ನಡುವೆ ಬಿಡಬೇಕಾದ ಖಾಲಿ ಜಾಗ, 1.50 ಮೀಟರ್ ಅಂತಿತ್ತು. ಕಾರ್ ಪಾರ್ಕಿಂಗ್ ಒಂದು ಅಂತಿತ್ತು. ಪ್ಲಾನಿನಲ್ಲಿದ್ದ ಅಂಕಿಗಳನ್ನು ಹಾಗೇ ಇಳಿಸಿದ್ದರು. ಆ ಪಾರ್ಕಿಂಗ್ ಜಾಗದಲ್ಲಿ ಅಷ್ಟೊತ್ತಿಗೆ ಹಸಿರು ಬಣ್ಣದ ರೋಲಿಂಗ್ ಶಟರ್ ಇತ್ತು. ಅದರ ಮೇಲೆ ನಾನೇ ಕೈಯಾರೆ ಬರೆದ 'ಮಳಿಗೆ ಬಾಡಿಗೆಗಿದೆ' ಅನ್ನುವ ಬೋರ್ಡು ನೇತಾಡುತ್ತಿತ್ತು. ಹೌದು, ಶಟರ್ ಐಡಿಯಾ ನನ್ನದೇ. ನಾಲ್ಕು ಕಾಸು ಬರಲಿ ಅಂತ. ಮೀರತ್‌ನವರು ಮಾಡಿದ್ದನ್ನೇ ನಾನೂ ಸಣ್ಣದಾಗಿ ಮಾಡಿದ್ದೆ ಅನ್ನುವುದು ಹೊಳೆದಾಗ ನಿದ್ದೆ ಬರಲಿಲ್ಲ.

ಆ ಕಾಗದ ಕೊಟ್ಟು ನೋಡೋಣ, ಯಾರು ಬಂದು ಅಳೀತಾರೆ ಅಂದ ಕಂಟ್ರಾಕ್ಟರ್. ನಾನು ಕೊಡಲಿಲ್ಲ. ಕೆಳಗಿನ ಸೈನು ಇಂಜಿನಿಯರದ್ದೇ ಇರಬಹುದು, ಆದರೆ ಅರ್ಜಿದಾರ ನಾನು. ನಮ್ಮ ಜೊತೆಯ ಮೇಷ್ಟ್ರೊಬ್ಬರು ಬೇರೆ ಇಂಜಿನಿಯರ್ ಒಬ್ಬರನ್ನು ತೋರಿಸಿದರು. ವಯಸ್ಸಾದವರು, ಮಾತು ಕಮ್ಮಿ. ಬಂದವರೇ ಚಪ್ಪಲಿ ಬಿಟ್ಟು, ಕಾಫಿ ಆಮೇಲೆ ಅಂದು, ಎಡಗಡೆಯ ಓಣಿಗೆ ನುಗ್ಗಿದರು. ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟು ಕಾಂಪೌಂಡಿಗೆ ಒತ್ತಿ ಹಿಡಿಯಿರಿ ಅಂದರು. ಇನ್ನೊಂದು ತುದಿ ಮನೆ ಗೋಡೆಗೆ. 'ಒಂದು ಹದಿನಾಲ್ಕು' ಅಂದರು.

1.50 ಇರಬೇಕಾದ ಕಡೆ 1.14. ಅಂದರೆ 36 ಸೆಂಟಿಮೀಟರ್ ನಾಪತ್ತೆ. ಶೇಕಡಾ 24.

ಐದು ಪರ್ಸೆಂಟ್ ಒಳಗಿದ್ದರೆ ದಂಡ ಕಟ್ಟಿ ದಾರಿ ಮಾಡಬಹುದು, ಇದಕ್ಕೆ ಏನೂ ಮಾಡಕ್ಕಾಗಲ್ಲ ಅಂದರು. 1.50 ಮೀಟರಿಗೆ ಐದು ಪರ್ಸೆಂಟ್ ಅಂದರೆ ಏಳೂವರೆ ಸೆಂಟಿಮೀಟರ್. ಸರಿಸುಮಾರು ಮೂರು ಇಂಚು. ಗೋಡೆ ಒಡೆಯಬೇಕಾ ಸಾರ್ ಅಂತ ಕೇಳಿದೆ. ಉತ್ತರ ಕೊಡಲಿಲ್ಲ. ಮಾರ್ಕಿಂಗ್ ದಿನ ಏನಾಯಿತು ಹೇಳಿ ಅಂದರು.

ಆಗ ನೆನಪಾಯಿತು, ಆಯ. ಮಾರ್ಕಿಂಗ್ ದಿನ ಕಂಟ್ರಾಕ್ಟರ್ ಒಬ್ಬ ವಾಸ್ತುವಿನವರನ್ನು ಕರೆದುಕೊಂಡು ಬಂದಿದ್ದ. ಮನೆಯ ಅಳತೆಯನ್ನು ಲೆಕ್ಕ ಹಾಕಿ ಎಂಟರಿಂದ ಭಾಗಿಸಿ, ಉಳಿಯುವ ಶೇಷದ ಮೇಲೆ ಧ್ವಜಾಯ, ಸಿಂಹಾಯ, ವೃಷಭಾಯ ಅಂತ ಹೇಳುತ್ತಾರಲ್ಲ, ಅದು. ಬೆಸ ಬಂದರೆ ಶುಭ, ಸಮ ಬಂದರೆ ಕಷ್ಟ. ನಮಗೆ ಆರು ಬಂತು. ಖರಾಯ, ಅಂದರೆ ಕತ್ತೆ. ನಮ್ಮನೆಯವರ ಮುಖ ಬಾಡಿಹೋಯಿತು. ಎಡಗಡೆ ಎರಡೂ ಮುಕ್ಕಾಲು ಇಂಚು ಜಾಸ್ತಿ ಮಾಡಿದರೆ ಗಜಾಯ ಬರುತ್ತದೆ ಅಂದರು. ಅಷ್ಟೇ ತಾನೇ, ದಾರ ಸರಿಸಿ ಗೂಟ ಹೊಡೆದರು. ನಾನೂ ತಲೆ ಆಡಿಸಿದೆ. ಆಯ ನೋಡಿಸಬೇಡಿ ಅಂತ ನಾನು ಹೇಳುತ್ತಿಲ್ಲ, ನನಗೂ ಮನಸ್ಸು ಕೇಳಲ್ಲ. ಪ್ಲಾನ್ ಮಂಜೂರಾತಿಗೆ ಕೊಡುವ ಮುಂಚೆ ನೋಡಿಸಿ. ಆನೆಯೋ ಕತ್ತೆಯೋ ಕಾಗದದ ಮೇಲೆಯೇ ತೀರ್ಮಾನವಾಗಲಿ.

ಎರಡೂ ಮುಕ್ಕಾಲು ಇಂಚು ಅಂದರೆ 7 ಸೆಂಟಿಮೀಟರ್. ಹಾಗಾದರೆ ಮಿಕ್ಕ 29 ಎಲ್ಲಿ ಹೋಯಿತು? ಅವರು ಕಾಂಪೌಂಡ್ ನೋಡಿದರು. ಮಾರ್ಕಿಂಗ್ ಆದಾಗ ಕಾಂಪೌಂಡ್ ಇರಲಿಲ್ಲ. ಪಕ್ಕದ ಸೈಟು ಖಾಲಿ. ತಕರಾರು ಬೇಡ ಅಂತ ಒಂಬತ್ತಿಂಚಿನ ಗೋಡೆಯನ್ನು ಪೂರ್ತಿ ನಮ್ಮ ಜಾಗದ ಒಳಗೇ ಕಟ್ಟಿಸಿದ್ದೆ. ಸೆಟ್‌ಬ್ಯಾಕ್ ಅಳೆಯಬೇಕಾದ್ದು ಸೈಟಿನ ಗಡಿಯಿಂದ, ಕಾಂಪೌಂಡಿನ ಒಳಮೈಯಿಂದ ಅಲ್ಲ. ಅಲ್ಲಿ 23 ಸೆಂಟಿಮೀಟರ್ ವಾಪಸ್ ಬಂತು. ನನ್ನ ಪುಣ್ಯ ಅದು. 

ಉಳಿದ 6 ಸೆಂಟಿಮೀಟರ್ ಗೋಡೆಯ ಮೈಮೇಲೇ ಇತ್ತು. ಕ್ಲ್ಯಾಡಿಂಗ್. ಮೂರು ಸೆಂಟಿಮೀಟರ್ ಕಲ್ಲು, ಅದರ ಹಿಂದೆ ಮೂರು ಸೆಂಟಿಮೀಟರ್ ಗಾರೆ. ಮಳೆಗಾಲದಲ್ಲಿ ಗೋಡೆ ಪಾಚಿ ಕಟ್ಟಲ್ಲ ಸಾರ್, ನೋಡಕ್ಕೂ ಚೆಂದ ಅಂತ ಕಂಟ್ರಾಕ್ಟರ್ ಹಾಕಿಸಿದ್ದ. ಯಾರಿಗೂ ಕಾಣದ ಓಣಿಯ ಗೋಡೆಗೆ! ಅದನ್ನು ಕಿತ್ತರೆ 1.43 ಆಗುತ್ತದೆ, ಕೊರತೆ 7 ಸೆಂಟಿಮೀಟರ್, ಏಳೂವರೆಯ ಒಳಗೆ ಬರುತ್ತದೆ ಅಂದರು. ಅರ್ಧ ಸೆಂಟಿಮೀಟರಿನಲ್ಲಿ ಮನೆ ಉಳಿಯಿತು.

ಮಿಕ್ಕಿದ್ದು ಒಡೆಯುವ ಕೆಲಸ. ಶಟರ್ ಬಿಚ್ಚಿಸಿದೆ, ಪಕ್ಕದ ಗೋಡೆ ತೆಗೆಸಿದೆ, ಮತ್ತೆ ಕಾರ್ ನಿಲ್ಲುವ ಜಾಗವಾಯಿತು (ನನಗೆ ಕಾರಿಲ್ಲ, ಸ್ಕೂಟರ್ ನಿಲ್ಲಿಸುತ್ತೇನೆ). ಹಿಂದುಗಡೆ ಅಡುಗೆಮನೆಗೆ ತಾಗಿಸಿ ಶೀಟು ಹಾಕಿ ಒಂದು ಯುಟಿಲಿಟಿ ಮಾಡಿಸಿದ್ದೆವು. ಪಾತ್ರೆ ತೊಳೆಯುವ ಕಲ್ಲು, ವಾಷಿಂಗ್ ಮೆಷಿನ್ ಎಲ್ಲಾ ಅಲ್ಲೇ. ಅದು ಪ್ಲಾನಿನಲ್ಲಿ ಇರಲೇ ಇಲ್ಲ. ಅದನ್ನು ಒಡೆದ ದಿನ ನಮ್ಮನೆಯವರು ತವರಿಗೆ, ಅರಸೀಕೆರೆಗೆ ಹೋಗಿಬಿಟ್ಟರು. ನೋಡಕ್ಕಾಗಲ್ಲ ಅಂತ.

ಕ್ಲ್ಯಾಡಿಂಗ್ ಕೀಳುವಾಗ ಜೂನ್ ಕೊನೆ, ಬಿಡದ ಮಳೆ. ಹುಡುಗರು ಉಳಿ ಹೊಡೆದಾಗ ಕಲ್ಲಿನ ಜೊತೆ ಪ್ಲಾಸ್ಟರೂ ಹಾಳೆ ಹಾಳೆಯಾಗಿ ಬಂತು. ಬರೀ ಬ್ಲಾಕಿನ ಗೋಡೆ ಎರಡು ತಿಂಗಳು ನೆನೆದು, ಒಳಗೆ ದೇವರ ಮನೆಯ ಬಣ್ಣ ಉಬ್ಬಿತು. ತೆಳ್ಳಗೆ ಮತ್ತೆ ಪ್ಲಾಸ್ಟರ್ ಮಾಡಿಸುವಾಗ ಮೇಸ್ತ್ರಿ ಪಕ್ಕದಲ್ಲಿ ಟೇಪು ಹಿಡಿದು ನಿಂತಿದ್ದೆ. ಬ್ಲಾಕಿನ ಮೇಲೆ ಮೊದಲು ಎಷ್ಟಿತ್ತೋ ಅಷ್ಟೇ, ಒಂದು ನೂಲು ಜಾಸ್ತಿಯಾದರೂ ಕೆರೆಸುತ್ತಿದ್ದೆ. ಅವನಿಗೆ ನನ್ನ ತಲೆ ಕೆಟ್ಟಿದೆ ಅಂತ ಅನಿಸಿರಬೇಕು.

ಅಷ್ಟೂ ದಿನ ಮನೆಗೆ ಕಟ್ಟುವಾಗ ತಗೊಂಡಿದ್ದ ಟೆಂಪರರಿ ಕನೆಕ್ಷನ್ನೇ ಗತಿ. ಅದರ ಯೂನಿಟ್ ದರ ಮನೆ ದರಕ್ಕಿಂತ ಜಾಸ್ತಿ. ಮನೆ ಬಳಕೆಯ ಮೀಟರ್ ಅಲ್ಲದ್ದರಿಂದ ಗೃಹಜ್ಯೋತಿಯೂ ಇಲ್ಲ. ಬೀದಿಯವರೆಲ್ಲ ಸೊನ್ನೆ ಬಿಲ್ ತೋರಿಸುವಾಗ ನಾವು ಗೀಸರ್ ಆಫ್ ಮಾಡಿ ಸೌದೆ ಒಲೆಯಲ್ಲಿ ನೀರು ಕಾಯಿಸಿದೆವು. ಮಹಡಿಯನ್ನು ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಡುವ ಲೆಕ್ಕ ಇತ್ತು. ಪ್ರತ್ಯೇಕ ಮೀಟರ್ ಇಲ್ಲ ಅಂತ ಬಂದವರೆಲ್ಲ ವಾಪಸ್ ಹೋದರು. ಬ್ಯಾಂಕಿನಲ್ಲಿ ಮನೆ ಮೇಲೆ ಇನ್ನೊಂದಿಷ್ಟು ಸಾಲ ಕೇಳಿದೆ. ಅಲ್ಲೂ ಮೊದಲ ಪ್ರಶ್ನೆ ಅದೇ.

ಅಳೆಯಲು ಬಂದ ಸರ್ಕಾರಿ ಇಂಜಿನಿಯರ್ ಬಗ್ಗೆ ನನಗೆ ದೂರಿಲ್ಲ. ಚಿಕ್ಕ ವಯಸ್ಸಿನ ಹುಡುಗ. ಗಡಿ ಗುರುತಿಸಿದ ಸರ್ವೆ ನಕ್ಷೆ, ಕ್ರಯಪತ್ರ, ಒಡೆಯುವ ಮುಂಚಿನ ಫೋಟೋ, ಒಡೆದ ಮೇಲಿನ ಫೋಟೋ, ಈಗಿರುವ ಹಾಗೆ ಬರೆದ ನಕ್ಷೆ ಎಲ್ಲಾ ಹಿರಿಯ ಇಂಜಿನಿಯರ್ ಸರಿಯಾಗಿ ಜೋಡಿಸಿಕೊಟ್ಟಿದ್ದರು. ಮೂರು ಕಡೆ ಟೇಪು ಇಟ್ಟ, ಮೆಟ್ಟಿಲು ನೋಡಿದ, ತಾರಸಿಗೆ ಹೋಗಿ ಎತ್ತರ ನೋಡಿದ, ಇಂಗುಗುಂಡಿಯ ಮುಚ್ಚಳ ತೆಗೆಸಿದ. ದಂಡ ಕಟ್ಟಿದೆ. ಹಾಸನಾಂಬೆಯ ಬಾಗಿಲು ತೆರೆದ ವಾರವೇ ಓಸಿ ಕೈಗೆ ಬಂತು. ನಮ್ಮತ್ತೆ ಅದು ತಾಯಿ ಕೊಟ್ಟಿದ್ದು ಅನ್ನುತ್ತಾರೆ. ಇರಬಹುದು.

ನಿಮಗೆ ಹೇಳುವುದಿಷ್ಟು. ಪ್ಲಾನಿಗೆ ಸೈನ್ ಹಾಕುವ ಇಂಜಿನಿಯರನ್ನು ನೀವೇ ಗೊತ್ತು ಮಾಡಿಕೊಳ್ಳಿ, ಕಂಟ್ರಾಕ್ಟರ್ ಕೈಗೆ ಬಿಡಬೇಡಿ. ಮಾರ್ಕಿಂಗ್ ದಿನ, ಪ್ಲಿಂತ್ ಮುಗಿದ ದಿನ, ಮೋಲ್ಡ್ ಹಾಕುವ ಮುಂಚೆ, ಈ ಮೂರು ದಿನ ಅವರು ಸೈಟಿನಲ್ಲಿ ಇರಲೇಬೇಕು ಅಂತ ಮಾತಾಡಿಕೊಂಡು ಅದಕ್ಕೆ ದುಡ್ಡು ಕೊಡಿ. ನಾನು ಮಾರ್ಕಿಂಗ್ ದಿನ ಒಂದು ಟೇಪು ಹಿಡಿದಿದ್ದರೆ ಗೂಟ ಕಿತ್ತು ನೆಡುವುದರಲ್ಲಿ ಮುಗಿಯುತ್ತಿತ್ತು. ಮಧ್ಯದಲ್ಲಿ ಏನಾದರೂ ಬದಲಾಯಿಸಲೇಬೇಕು ಅನಿಸಿದರೆ ಮೊದಲು ಪ್ಲಾನ್ ತಿದ್ದಿಸಿ, ಆಮೇಲೆ ಗೋಡೆ. ಕಂಟ್ರಾಕ್ಟರಿಗೆ ಕೊನೆಯ ಕಂತನ್ನು ಓಸಿ ಬಂದ ಮೇಲೆ ಕೊಡುತ್ತೇನೆ ಅಂತ ಕರಾರಿನಲ್ಲೇ ಬರೆಸಿ. ನಾನು ಬರೆಸಿರಲಿಲ್ಲ. ಗೃಹಪ್ರವೇಶದ ಊಟದ ಎಲೆ ಎತ್ತುವ ಮುಂಚೆಯೇ ಹೆಚ್ಚೂಕಮ್ಮಿ ಪೂರ್ತಿ ಕೊಟ್ಟುಬಿಟ್ಟಿದ್ದೆ.

ಹೆಚ್ಚೂಕಮ್ಮಿ ಅಂದೆ. ಕ್ಲ್ಯಾಡಿಂಗ್ ಬಾಬ್ತು 18 ಸಾವಿರ ಬಾಕಿ ಉಳಿದಿತ್ತು. ಮೊನ್ನೆ ಫೋನ್ ಮಾಡಿದ್ದ. 'ಮೇಷ್ಟ್ರೆ, ಕಲ್ಲಿನ ದುಡ್ಡು ಯಾವಾಗ ಕೊಡ್ತೀರಾ?' ಅಂದ. ಕಲ್ಲು ಹಿತ್ತಲಲ್ಲೇ ರಾಶಿ ಬಿದ್ದಿದೆ, ಆಟೋ ತಂದು ತುಂಬಿಕೊಂಡು ಹೋಗಪ್ಪ ಅಂದೆ.