ಮೊಸಳೆ-ಶಾರ್ಕ್ ಸಿನಿಮಾಕ್ಕೆ ಅಗ್ಗದ ಪ್ರೊಜೆಕ್ಟರೋ, ಮನೆಯ ಟಿವಿಯೋ?

ಕಡಿಮೆ ಬಜೆಟ್ಟಿನ ಪ್ರಾಣಿ ಹಾರರ್ ನೋಡುವುದಕ್ಕೆಂದೇ ಎಂಟು ಸಾವಿರ ಕೊಟ್ಟು ಪ್ರೊಜೆಕ್ಟರ್ ತರುವ ಯೋಚನೆಯಿದ್ದರೆ ಸ್ವಲ್ಪ ತಡೆಯಿರಿ. 43 ಇಂಚಿನ ಟಿವಿ, ಅಗ್ಗದ ಎಲ್‌ಇಡಿ ಪ್ರೊಜೆಕ್ಟರ್, ಇಯರ್‌ಫೋನ್ ಸಿಕ್ಕಿಸಿದ ಫೋನು, ಈ ಮೂರರಲ್ಲೂ ಅವೇ ಎರಡು ಸಿನಿಮಾ ಓಡಿಸಿ ನೋಡಿದ್ದಾಯಿತು. ಟಿವಿಯ ಹತ್ತಿರಕ್ಕೂ ಬೇರೆ ಯಾವುದೂ ಬರಲಿಲ್ಲ.

ಪರೀಕ್ಷೆಗೆ ಹಾಕಿದ್ದು 2003ರ ‘ಓಪನ್ ವಾಟರ್’ ಮತ್ತು 2007ರ ಆಸ್ಟ್ರೇಲಿಯಾದ ‘ಬ್ಲ್ಯಾಕ್ ವಾಟರ್’. ಮೊದಲನೆಯದರಲ್ಲಿ ಇರುವುದು ನಿಜವಾದ ಶಾರ್ಕುಗಳು. ಎರಡನೆಯದರಲ್ಲಿ ನಿಜ ಮೊಸಳೆಗಳನ್ನು ಬೇರೆಯಾಗಿ ಚಿತ್ರೀಕರಿಸಿ ದೃಶ್ಯಕ್ಕೆ ಜೋಡಿಸಿದ್ದಾರೆ. ಪ್ರಾಣಿ ಕಾಣುವುದು ಕಡಿಮೆ, ಉಳಿದ ಹೊತ್ತೆಲ್ಲ ನೀರೇ ಹೆದರಿಸಬೇಕು. ಉಡುಪಿ ಕಡೆಯ ಸೀತಾ ನದಿಯ ಹಿನ್ನೀರಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ದೋಣಿಯಲ್ಲಿ ಹೋದವರಿಗೆ ‘ಬ್ಲ್ಯಾಕ್ ವಾಟರ್’ನ ನೀರು ಹೊಸದೆನಿಸದು. ಆ ನೀರು ಕಪ್ಪಗೇ ಕಾಣಬೇಕು.

ಪ್ರೊಜೆಕ್ಟರ್ ಸೋಲುವುದು ಇಲ್ಲೇ. ಕಪ್ಪನ್ನು ಗೋಡೆಯ ಮೇಲೆ ಬಿಡಲು ಅದಕ್ಕೆ ಸಾಧ್ಯವಿಲ್ಲ. ಬೆಳಕು ಬೀಳದ ಜಾಗವೇ ಅದರ ಕಪ್ಪು. ಅಗ್ಗದ ಮಾಡೆಲ್ಲಿನೊಳಗೆ ಸಾಮಾನ್ಯವಾಗಿ ಒಂದೇ ಎಲ್‌ಸಿಡಿ ಫಲಕ, ಅದರ ಹಿಂದೆ ಸದಾ ಉರಿಯುವ ಎಲ್‌ಇಡಿ. ಫಲಕ ಮುಚ್ಚಿಕೊಂಡರೂ ಒಂದಿಷ್ಟು ಬೆಳಕು ಸೋರುತ್ತದೆ. ಸೋರಿದ್ದು ಬಿಳಿ ಗೋಡೆಗೆ ಬಡಿದು ಚಾವಣಿಗೆ ಚೆಲ್ಲಿ ಮತ್ತೆ ಗೋಡೆಗೇ ಬರುತ್ತದೆ. ‘ಓಪನ್ ವಾಟರ್’ನಲ್ಲಿ ರಾತ್ರಿಯ ಬಿರುಗಾಳಿಯ ಭಾಗವೊಂದಿದೆ, ಮಿಂಚಿದಾಗ ಮಾತ್ರ ಏನಾದರೂ ಕಾಣುವಂಥದ್ದು. ಮಿಂಚಿಗೂ ಮಿಂಚಿಗೂ ನಡುವಿನ ಕತ್ತಲೆಯೇ ಅದರ ಜೀವ. ಪ್ರೊಜೆಕ್ಟರಿನಲ್ಲಿ ಆ ಕತ್ತಲೆ ಬೂದಿ ಬಣ್ಣದ ಆಯತವಾಗಿ ನಿಂತುಬಿಡುತ್ತದೆ.

ಬ್ರೈಟ್‌ನೆಸ್ ಏರಿಸಿದರೆ ಬೂದಿ ಇನ್ನೂ ಬೆಳ್ಳಗಾಗುತ್ತದೆ, ಇಳಿಸಿದರೆ ಮುಖಗಳೂ ಮುಳುಗುತ್ತವೆ. ಅಳತೆಯನ್ನು 100 ಇಂಚಿನಿಂದ 60ಕ್ಕೆ ಇಳಿಸಿದರೆ ಅಷ್ಟೇ ಬೆಳಕು ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಿನ ಜಾಗದಲ್ಲಿ ಬೀಳುತ್ತದೆ. ಚಿತ್ರ ಸುಮಾರು 2.8 ಪಟ್ಟು ಪ್ರಖರವಾಗುತ್ತದೆ. ಕೋಣೆಯಲ್ಲಿ ಬೇರೆ ಬೆಳಕಿದ್ದರೆ ಇದರಿಂದ ಲಾಭವಿದೆ. ಆದರೆ ಸೋರುವ ಬೆಳಕೂ ಅಷ್ಟೇ ಪಟ್ಟು ಏರುವುದರಿಂದ ಕಪ್ಪು ಸುಧಾರಿಸುವುದಿಲ್ಲ. ಸುತ್ತ ಕಪ್ಪು ಬಟ್ಟೆ ಕಟ್ಟಿದರೆ ತುಸು ವಾಸಿ. ಆದರೆ ಪ್ರತಿ ಸಲ ಅದನ್ನು ಕಟ್ಟುವವರು ಯಾರು?

ಡಬ್ಬದ ಮೇಲೆ ಬರೆದ ಲುಮೆನ್ಸ್ (ಬೆಳಕಿನ ಪ್ರಮಾಣ) ನಂಬಬೇಡಿ, ನಿಗದಿತ ವಿಧಾನದಲ್ಲಿ ಅಳೆದ ಆನ್ಸಿ ಲುಮೆನ್ಸ್ ಎಷ್ಟೆಂದು ಕೇಳಿ. ‘1080ಪಿ ಸಪೋರ್ಟ್’ ಎಂದರೆ ಆ ಸಿಗ್ನಲ್ ತಗೊಳ್ಳುತ್ತದೆ ಎಂದಷ್ಟೆ. ನೇಟಿವ್ ರೆಸಲ್ಯೂಶನ್, ಅಂದರೆ ಫಲಕದಲ್ಲಿ ನಿಜಕ್ಕೂ ಇರುವ ಚುಕ್ಕೆಗಳ ಲೆಕ್ಕ, 1280×720 ಅಥವಾ ಅದಕ್ಕಿಂತ ಕಡಿಮೆ ಇರಬಹುದು.

ನಮ್ಮ ಕಡೆಯ ಮಳೆಯೂ ಲೆಕ್ಕಕ್ಕೆ ಬರಬೇಕು. ದೊಡ್ಡ ಗೋಡೆ ಸಿಗುವುದು ತಾರಸಿಯ ಮೇಲೆ, ಶೀಟಿನ ಕೆಳಗೆ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆ ಶೀಟಿಗೆ ಬಡಿಯತೊಡಗಿದರೆ ಅಲೆಯ ಸಣ್ಣ ಸದ್ದಿರಲಿ, ಕಿರುಚಾಟವೂ ಕೇಳದು. ಸಾಲದ್ದಕ್ಕೆ ಕಿವಿಯ ಪಕ್ಕದಲ್ಲೇ ಪ್ರೊಜೆಕ್ಟರಿನ ಫ್ಯಾನು.

ಫೋನಿನಲ್ಲಿ ಧ್ವನಿ ಚೆನ್ನ, ಓಎಲ್‌ಇಡಿ ಆದರೆ ಕಪ್ಪೂ ಅಪ್ಪಟ. ಆದರೆ ಪರದೆ ಸಣ್ಣದು, ದೂರದ ಅಲೆಯಲ್ಲಿ ಕ್ಷಣ ಕಾಣುವ ಶಾರ್ಕಿನ ರೆಕ್ಕೆ ಕಣ್ಣಿಗೇ ಬೀಳುವುದಿಲ್ಲ.

ಟಿವಿಯಲ್ಲಿ ಮೊದಲು ಪಿಕ್ಚರ್ ಮೋಡನ್ನು ‘ಮೂವಿ’ ಅಥವಾ ‘ಸಿನಿಮಾ’ಕ್ಕೆ ಹಾಕಿ. ಆಮೇಲೆ ಚಲನೆ ನುಣುಪಾಗಿಸುವ ಆಯ್ಕೆಯನ್ನು ಆಫ್ ಮಾಡಿ. ಎಲ್‌ಜಿಯಲ್ಲಿ ಅದರ ಹೆಸರು ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಇದು ಆನ್ ಇದ್ದರೆ ಸಿನಿಮಾ ಧಾರಾವಾಹಿಯಂತೆ ಕಾಣುತ್ತದೆ, ಬೇರೆ ಸಿನಿಮಾಗಳ ರಬ್ಬರ್ ಮೊಸಳೆ ರಬ್ಬರೆಂದು ತಕ್ಷಣ ಗೊತ್ತಾಗುತ್ತದೆ. ರಾತ್ರಿ ಇಳಿಸಬೇಕಾದದ್ದು ಬ್ಯಾಕ್‌ಲೈಟ್, ಅಂದರೆ ಪರದೆಯ ಹಿಂದಿನ ಬೆಳಕು (ಸೋನಿಯಂಥ ಕೆಲವು ಟಿವಿಗಳಲ್ಲಿ ಇದಕ್ಕೇ ಬ್ರೈಟ್‌ನೆಸ್ ಎಂಬ ಹೆಸರು). ಬ್ಯಾಕ್‌ಲೈಟ್ ಬೇರೆಯಾಗಿಯೇ ಇರುವ ಟಿವಿಯಲ್ಲಿ ಬ್ರೈಟ್‌ನೆಸ್ ಇಳಿಸಬೇಡಿ, ನೆರಳಿನೊಳಗಿನ ವಿವರ ಹೋಗುತ್ತದೆ. ಮೇಲೆ ಕೆಳಗಿನ ಕಪ್ಪು ಪಟ್ಟಿ ಕತ್ತಲಲ್ಲಿ ಬಹುತೇಕ ಕರಗಿದರೆ ಹೊಂದಿಕೆ ಸರಿಯಾಯಿತು. ಟಿವಿಯ ಹಿಂದೆ, ಪರದೆಯ ಮೇಲೆ ಪ್ರತಿಫಲಿಸದಂತೆ, ಒಂದು ಝೀರೋ ಬಲ್ಬು ಹಾಕಿದರೆ ಕಪ್ಪು ಇನ್ನಷ್ಟು ಗಾಢ ಎನಿಸುತ್ತದೆ.

ತಿಂಗಳಿಗೆ ಎರಡೋ ಮೂರೋ ಸಿನಿಮಾ, ರಾತ್ರಿ ಹತ್ತರ ಮೇಲೆ, ಮೂರ್ನಾಲ್ಕು ಜನ. ಇಷ್ಟಕ್ಕೆ ಇರುವ ಟಿವಿಗೊಂದು ಸೌಂಡ್‌ಬಾರ್ ತಂದುಕೊಳ್ಳುವುದೇ ನನ್ನ ಆಯ್ಕೆ. ಪ್ರೊಜೆಕ್ಟರ್ ಈಗಾಗಲೇ ಕೊಂಡಿದ್ದರೆ ಮಳೆಗಾಲದಲ್ಲಿ ಸಿಲಿಕಾ ಜೆಲ್ ಹಾಕಿದ ಡಬ್ಬದಲ್ಲಿ ಮುಚ್ಚಿಡಿ, ಇಲ್ಲದಿದ್ದರೆ ಲೆನ್ಸಿಗೆ ಫಂಗಸ್ ಹಿಡಿಯಬಹುದು. ದೀಪಾವಳಿ ಕಳೆದ ಮೇಲೆ ಹಗಲು ದೃಶ್ಯಗಳೇ ಹೆಚ್ಚಿರುವ ಸಿನಿಮಾಗಳಿಗೆ ಹೊರಗೆ ತೆಗೆಯಿರಿ.